ಪ್ರಾರ್ಥನೆ ಪ್ರೇಮಗೀತೆಯಾದ ಬಗೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಕಳೆದ ವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಕೊಟ್ಟು ಸುಮ್ಮನಾಗಲು ನನಗೆ ಮನಸ್ಸಾಗಲಿಲ್ಲ. ಷಿಕಾಗೊದ ನಿನ್ನ ಸಹಪಾಠಿಯ ಅಜ್ಜಿ, ಅಮೆರಿಕದ ಕಪ್ಪು ಗಾಯಕ ರೇ ಚಾರ್ಲ್ಸ್‌ನ ಹಾಡನ್ನು ಮನೆಯಲ್ಲಿ ಹಾಕಲು ಬಿಡುತ್ತಿರಲಿಲ್ಲವಂತೆ. ದೇವರ ಹಾಡನ್ನು ಕದ್ದು ಹೆಣ್ಣಿನ ಮೇಲೆ ಹಾಡಿದವನು ಎಂದು ಕೊನೆಯವರೆಗೂ ಅವನನ್ನು ದೂರುತ್ತಿದ್ದರಂತೆ. ‘ಅಪ್ಪಾ, ಅದು ನಿಜವಾಗಿಯೂ ಕಳ್ಳತನವೇ?’ ಎಂದು ನೀನು ಕೇಳಿದೆ. ಪ್ರಾಯದ ದಿನಗಳಿಂದಲೂ ಈ ಸಂಗೀತವನ್ನು ಕೇಳುತ್ತ, ಸಿಕ್ಕಿದ್ದನ್ನೆಲ್ಲ ಓದುತ್ತ ಬಂದವನಾದ್ದರಿಂದ ನನಗೆ ತೋಚಿದ್ದನ್ನು ನಿಧಾನವಾಗಿ ಬರೆಯುತ್ತಿದ್ದೇನೆ. ಆ ಅಜ್ಜಿಯ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಅನ್ಯಾಯ ನಡೆದದ್ದು ಅವರು ಬೆರಳು ತೋರಿಸಿದ ಜಾಗದಲ್ಲಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಆ ಹಾಡಿನ ವಿಷಯವನ್ನೇ ತೆಗೆದುಕೊಳ್ಳೋಣ. 1954ರಲ್ಲಿ ರೇ ಚಾರ್ಲ್ಸ್ ಇನ್ನೂ ಇಪ್ಪತ್ತರ ಹರೆಯದ, ಊರಿಂದೂರಿಗೆ ಕಾರಿನಲ್ಲಿ ಸುತ್ತಿ ಕಛೇರಿ ನಡೆಸುತ್ತಿದ್ದ ಅಂಧ ಗಾಯಕ. ಒಂದು ರಾತ್ರಿ ಪಯಣದ ನಡುವೆ ಕಾರಿನ ರೇಡಿಯೊದಲ್ಲಿ ‘ಸದರ್ನ್ ಟೋನ್ಸ್’ ಎಂಬ ತಂಡ ಹಾಡಿದ ಗಾಸ್ಪೆಲ್, ಎಂದರೆ ಕಪ್ಪು ಜನರ ಚರ್ಚಿನ ಭಕ್ತಿಗೀತೆ, ‘ಇಟ್ ಮಸ್ಟ್ ಬಿ ಜೀಸಸ್’ ಬಂತು. ಆತನೂ ಆತನ ತಂಡದ ಟ್ರಂಪೆಟ್ ವಾದಕ ರೆನಾಲ್ಡ್ ರಿಚರ್ಡ್‌ನೂ ಅದರ ಜೊತೆಗೆ ಗುನುಗುತ್ತ, ಯೇಸುವಿನ ಜಾಗದಲ್ಲಿ ಒಬ್ಬ ಹೆಣ್ಣನ್ನು ನಿಲ್ಲಿಸಿ ಹೊಸ ಸಾಲುಗಳನ್ನು ಕಟ್ಟತೊಡಗಿದರು. ನವೆಂಬರ್‌ನಲ್ಲಿ ಅಟ್ಲಾಂಟಾದ ರೇಡಿಯೊ ಕೇಂದ್ರವೊಂದರ ಸ್ಟುಡಿಯೊದಲ್ಲಿ ಅಟ್ಲಾಂಟಿಕ್ ಎಂಬ ಧ್ವನಿಮುದ್ರಣ ಕಂಪನಿಗಾಗಿ ಅದನ್ನು ‘ಐ ಗಾಟ್ ಎ ವುಮನ್’ ಎಂಬ ಹೆಸರಿನಲ್ಲಿ ಮುದ್ರಿಸಿದರು; ಮರುವರ್ಷ ಅದು ಕಪ್ಪು ಜನರ ಜನಪ್ರಿಯ ಹಾಡುಗಳ ‘ರಿದಮ್ ಅಂಡ್ ಬ್ಲೂಸ್’ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ನೀನು ಎರಡನ್ನೂ ಒಂದಾದ ಮೇಲೊಂದರಂತೆ ಕೇಳಿ ನೋಡು. ಲಯದ ಓಟ ಅದೇ, ಸಾಲು ಏರಿ ಇಳಿಯುವ ರೀತಿ ಅದೇ, ಭಾವ ಉಕ್ಕಿದಾಗ ಕಂಠ ತಟ್ಟನೆ ಮೇಲಿನ ಸ್ವರಕ್ಕೆ ಹಾರಿ ಒಡೆಯುವುದೂ ಅದೇ. ಮರುವರ್ಷದ ಇನ್ನೊಂದು ಹಾಡಿನಲ್ಲಂತೂ ಮುಚ್ಚುಮರೆಯೇ ಇಲ್ಲ. ‘ದಿಸ್ ಲಿಟ್ಲ್ ಲೈಟ್ ಆಫ್ ಮೈನ್’ ಎಂದು ಭಾನುವಾರದ ಶಾಲೆಯ ಮಕ್ಕಳು ಹಾಡುತ್ತಿದ್ದುದು ‘ದಿಸ್ ಲಿಟ್ಲ್ ಗರ್ಲ್ ಆಫ್ ಮೈನ್’ ಆಯಿತು: ತನ್ನೊಳಗಿನ ಪುಟ್ಟ ಬೆಳಕನ್ನು ಎಲ್ಲೆಡೆ ಬೆಳಗಿಸುತ್ತೇನೆ ಎನ್ನುತ್ತಿದ್ದ ಹಾಡು ತನ್ನ ಪುಟ್ಟ ಹುಡುಗಿಯ ಬಗ್ಗೆ ಬೀಗುವ ಹಾಡಾಯಿತು.

ಇದನ್ನು ಕೇಳಿ ಕೋಪಗೊಂಡವರು ಚರ್ಚಿನವರಷ್ಟೇ ಅಲ್ಲ ಎಂಬುದು ನನಗೆ ಬಹಳ ಕುತೂಹಲ ಹುಟ್ಟಿಸಿದ ಸಂಗತಿ. ಜೀವನವಿಡೀ ಬ್ಲೂಸ್, ಎಂದರೆ ಕಪ್ಪು ಜನರ ಲೌಕಿಕ ನೋವು ನಲಿವಿನ ಹಾಡು, ಹಾಡಿದ ಬಿಗ್ ಬಿಲ್ ಬ್ರೂನ್‌ಜಿಯೇ, ಇವನು ಬ್ಲೂಸನ್ನೂ ದೈವಿಕ ಗೀತೆಗಳನ್ನೂ ಬೆರಸುತ್ತಿದ್ದಾನೆ, ಇದು ತಪ್ಪು, ಇಂಥ ಕಂಠ ಚರ್ಚಿನಲ್ಲಿರಬೇಕಾದ್ದು ಎಂದು ಆಕ್ಷೇಪಿಸಿದ್ದ. ಶನಿವಾರ ರಾತ್ರಿಯ ಹಾಡು ಬೇರೆ, ಭಾನುವಾರ ಬೆಳಗಿನ ಹಾಡು ಬೇರೆ ಎಂಬ ಗೆರೆಯನ್ನು ಎರಡೂ ಕಡೆಯವರು ಕಾಯುತ್ತಿದ್ದರು.

ಆದರೆ ಆ ಗೆರೆಯನ್ನು ಮೊದಲು ದಾಟಿದ್ದು ರೇ ಚಾರ್ಲ್ಸ್ ಅಲ್ಲವೇ ಅಲ್ಲ. ಮತ್ತು ಅದನ್ನು ಮೊದಲು ದಾಟಿದ್ದು ಚರ್ಚಿನಿಂದ ಹೊರಕ್ಕೂ ಅಲ್ಲ. ನಿನ್ನ ವಿಶ್ವವಿದ್ಯಾಲಯವಿರುವ ಊರಿನಲ್ಲೇ ಇದರ ಸಾಕ್ಷಿಯಿದೆ. ಥಾಮಸ್ ಎ. ಡಾರ್ಸಿ 1899ರಲ್ಲಿ ಜಾರ್ಜಿಯಾದಲ್ಲಿ, ಬೋಧಕನೊಬ್ಬನ ಮಗನಾಗಿ ಹುಟ್ಟಿದ. ಯೌವನದಲ್ಲಿ ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಿಂದ ಬ್ಲೂಸ್ ಪಿಯಾನೊ ನುಡಿಸಿ, ಮಾ ರೇನಿಯಂಥ ದೊಡ್ಡ ಗಾಯಕಿಗೆ ಪಕ್ಕವಾದ್ಯ ಕೊಟ್ಟು, 1928ರಲ್ಲಿ ಗಿಟಾರ್ ವಾದಕ ಟ್ಯಾಂಪಾ ರೆಡ್ ಜೊತೆಗೂಡಿ ಸಾಕಷ್ಟು ಪೋಲಿಯಾದ ಹಾಡೊಂದನ್ನು ಮುದ್ರಿಸಿ, ಅದು ಬಿಸಿ ದೋಸೆಯಂತೆ ಖರ್ಚಾಗುವುದನ್ನೂ ಕಂಡ. ಅದೇ ಮನುಷ್ಯ ಅದೇ ಕಾಲದಲ್ಲಿ ಬ್ಲೂಸಿನ ಬಾಗಿದ ಸ್ವರಗಳನ್ನೂ ತೂಗಾಡುವ ಲಯವನ್ನೂ ಚರ್ಚಿನ ಹಾಡಿಗೆ ತಂದ. ಹಳೆಯ ಗಂಭೀರ ಸ್ತೋತ್ರಗೀತೆಗಳಿಗೆ ಒಗ್ಗಿಹೋಗಿದ್ದ ದೊಡ್ಡ ದೊಡ್ಡ ಸಭೆಗಳಿಗೆ ಅದು ಹಿಡಿಸಲಿಲ್ಲ. ದೇಶದ ಒಳ್ಳೊಳ್ಳೆಯ ಚರ್ಚುಗಳಿಂದಲೇ ನನ್ನನ್ನು ಹೊರಹಾಕಿದ್ದಾರೆ ಎಂದು ಆತ ಮುಂದೆ ಹೇಳಿಕೊಂಡದ್ದುಂಟು. ನಿನ್ನ ಗೆಳತಿಯ ಅಜ್ಜಿಗೆ ಅತ್ಯಂತ ಪವಿತ್ರವಾಗಿ ಕೇಳಿಸುತ್ತಿದ್ದ ಗಾಸ್ಪೆಲ್, ಅವರ ತಾಯಿಯ ಕಿವಿಗೆ ಹೆಂಡದಂಗಡಿಯ ಹಾಡಾಗಿ ಕೇಳಿಸಿದ್ದರೂ ಆಶ್ಚರ್ಯವಿಲ್ಲ.

1932ರ ಆಗಸ್ಟ್‌ನಲ್ಲಿ ಡಾರ್ಸಿ ಹಾಡಲೆಂದು ಸೇಂಟ್ ಲೂಯಿಸ್‌ಗೆ ಹೋಗಿದ್ದಾಗ, ತುಂಬು ಗರ್ಭಿಣಿಯಾಗಿದ್ದ ಹೆಂಡತಿ ನೆಟ್ಟಿ ಹೆರಿಗೆಯಲ್ಲಿ ತೀರಿಕೊಂಡಳೆಂಬ ತಂತಿ ಬಂತು. ಊರು ಮುಟ್ಟಿದ ಮೇಲೆ ಮಗುವೂ ಉಳಿಯಲಿಲ್ಲ. ಆ ದುಃಖದ ದಿನಗಳಲ್ಲಿ ಪಿಯಾನೊದ ಮುಂದೆ ಕುಳಿತಾಗ ಹುಟ್ಟಿದ್ದು ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’. ದಣಿದಿದ್ದೇನೆ, ಸೊರಗಿದ್ದೇನೆ, ಕೈ ಹಿಡಿದು ನಡೆಸು ಎಂಬ ಮೊರೆಯಷ್ಟೇ ಅದರಲ್ಲಿದೆ. ರಾಗ 19ನೆಯ ಶತಮಾನದ ಹಳೆಯ ಸ್ತೋತ್ರಗೀತೆಯೊಂದರದು. ಅದನ್ನು ಎಳೆದು, ಬಗ್ಗಿಸಿ, ಉಸಿರುಗಳ ನಡುವೆ ಜಾಗ ಬಿಟ್ಟು ಹಾಡುವ ಬಗೆ ಬ್ಲೂಸಿನದು. ಈ ಹಾಡನ್ನು ಮಾರ್ಟಿನ್ ಲೂಥರ್ ಕಿಂಗ್ ಎಷ್ಟು ಮೆಚ್ಚಿದ್ದರೆಂದರೆ, 1968ರಲ್ಲಿ ಮೆಂಫಿಸ್‌ನಲ್ಲಿ ಗುಂಡು ತಗಲುವ ಕೆಲವೇ ಕ್ಷಣಗಳ ಮುಂಚೆ, ಅಂದಿನ ಸಭೆಯಲ್ಲಿ ಇದನ್ನೇ ನುಡಿಸಬೇಕೆಂದು ಸಂಗೀತಗಾರನೊಬ್ಬನನ್ನು ಕೇಳಿಕೊಂಡಿದ್ದರು. ಅವರ ಅಂತ್ಯಕ್ರಿಯೆಯಲ್ಲಿ ಅದನ್ನು ಹೆಸರಾಂತ ಗಾಸ್ಪೆಲ್ ಗಾಯಕಿ ಮಹೇಲಿಯಾ ಜಾಕ್ಸನ್ ಹಾಡಿದಳು.

ಸಿಸ್ಟರ್ ರೊಸೆಟ್ಟಾ ಥಾರ್ಪ್ ಹೆಸರನ್ನು ಬಿಡುವಂತಿಲ್ಲ. ಕೊರಳಿಗೆ ಎಲೆಕ್ಟ್ರಿಕ್ ಗಿಟಾರ್ ಹಾಕಿಕೊಂಡು ದೇವರನ್ನು ಹಾಡುತ್ತಿದ್ದ ಆಕೆ 1938ರಲ್ಲೇ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನ ವೇದಿಕೆ ಹತ್ತಿದವಳು. ಆಕೆಯ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ’ ಎಂಬ ಗಾಸ್ಪೆಲ್ ಹಾಡು 1945ರಲ್ಲಿ, ಆಗ ‘ರೇಸ್ ರೆಕಾರ್ಡ್ಸ್’ ಎಂದು ಕರೆಯುತ್ತಿದ್ದ ಕಪ್ಪು ಜನರ ಜನಪ್ರಿಯ ಹಾಡುಗಳ ಪಟ್ಟಿಯನ್ನೇ ಸೇರಿತು. ಆ ಅವಮಾನಕರ ಹೆಸರನ್ನು ಬಿಟ್ಟು ‘ಬಿಲ್‌ಬೋರ್ಡ್’ ಪತ್ರಿಕೆ ತನ್ನ ಪಟ್ಟಿಗೆ ‘ರಿದಮ್ ಅಂಡ್ ಬ್ಲೂಸ್’ ಎಂದು ಹೆಸರಿಟ್ಟದ್ದು 1949ರಲ್ಲಿ. ಸೂಚಿಸಿದವನು ಆಗ ಅಲ್ಲಿ ಕೆಲಸ ಮಾಡುತ್ತಿದ್ದ ಜೆರ್ರಿ ವೆಕ್ಸ್‌ಲರ್. ಕೆಲವೇ ವರ್ಷಗಳಲ್ಲಿ ಆತ ಅಟ್ಲಾಂಟಿಕ್ ಕಂಪನಿ ಸೇರಿ ರೇ ಚಾರ್ಲ್ಸ್‌ನ ಹಾಡುಗಳನ್ನು ಮುದ್ರಿಸುವವರಲ್ಲಿ ಒಬ್ಬನಾದ.

ಹಾಗಾದರೆ ಚರ್ಚಿನಿಂದ ಹೊರಗೆ ಹೋದದ್ದೇನು? ರಾಗ ಹೋಯಿತು, ಪಲ್ಲವಿ ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅದು ಸಣ್ಣ ಭಾಗ. ದೊಡ್ಡದಾಗಿ ಹೋದದ್ದು, ಒಬ್ಬನು ಹಾಡಿದರೆ ಎದುರಿಗಿರುವವರು ಅದಕ್ಕೆ ಉತ್ತರ ಕೊಡುತ್ತಾರೆ ಎಂಬ ಭರವಸೆಯ ಮೇಲೆ ಹಾಡನ್ನು ಕಟ್ಟುವ ಕ್ರಮ. ಕಪ್ಪು ಜನರ ಚರ್ಚಿನಲ್ಲಿ ಸಭಾಪಾಲಕನ ಬೋಧನೆಯೇ ಅರ್ಧ ಹಾಡು. ಮಾತು ನಿಧಾನವಾಗಿ ಲಯಕ್ಕೆ ಏರುತ್ತದೆ, ಲಯ ಸ್ವರಕ್ಕೆ ಏರುತ್ತದೆ. ಪ್ರತಿ ಸಾಲಿನ ಕೊನೆಗೆ ಸಭೆ ‘ಹೌದು’ ಎನ್ನುತ್ತದೆ, ‘ಆಮೆನ್’ ಎನ್ನುತ್ತದೆ, ಹ್ಯಾಮಂಡ್ ಆರ್ಗನ್ ಆ ಸಂದಿಯನ್ನು ತುಂಬುತ್ತದೆ. ಕೊಳವೆಗಳ ದೊಡ್ಡ ಆರ್ಗನ್ ಕೊಳ್ಳಲಾಗದ ಬಡ ಚರ್ಚುಗಳಿಗೆ 1930ರ ದಶಕದಲ್ಲಿ ಒದಗಿಬಂದ ಈ ವಿದ್ಯುತ್ ವಾದ್ಯವಿಲ್ಲದೆ, ಚರ್ಚಿನ ಗಾಯನವನ್ನು ಲೌಕಿಕ ಹಾಡಿಗೆ ತಂದ ಮುಂದಿನ ಸೋಲ್ ಸಂಗೀತವನ್ನು ಊಹಿಸಿಕೊಳ್ಳುವುದೇ ಕಷ್ಟ. ಹಾಡು ಇನ್ನೇನು ಮುಗಿಯಿತು ಎನ್ನುವಾಗ ಎರಡೇ ಸ್ವರಮೇಳಗಳ ಮೇಲೆ ಅದು ಸುತ್ತತೊಡಗುತ್ತದೆ. ಹಿಂದಿನ ಗಾಯಕರು ಒಂದೇ ಸಾಲನ್ನು ಪಟ್ಟು ಬಿಡದೆ ಹೇಳುತ್ತಿರುತ್ತಾರೆ, ಮುಂದಿನವನು ಅದರ ಮೇಲೆ ಅಂದಂದಿನ ಮನಸ್ಸಿಗೆ ಬಂದದ್ದನ್ನು ಹಾಡುತ್ತ, ಒಂದೇ ಅಕ್ಷರವನ್ನು ಹತ್ತು ಸ್ವರಗಳ ಮೇಲೆ ಹೊರಳಿಸುತ್ತ, ಕೂಗುತ್ತ, ಗದ್ಗದಿಸುತ್ತ ಸಭೆಯನ್ನು ಎಬ್ಬಿಸಿ ನಿಲ್ಲಿಸುತ್ತಾನೆ. ಈ ಕೊನೆಯ ಭಾಗಕ್ಕೆ ಇಷ್ಟೇ ಹೊತ್ತು ಎಂಬ ಅಳತೆಯಿಲ್ಲ. ಸಭೆ ಸಾಕೆನ್ನುವವರೆಗೆ ಅದು ಮುಗಿಯುವುದಿಲ್ಲ.

ರೇ ಚಾರ್ಲ್ಸ್‌ನ ‘ವಾಟ್‌ಡ್ ಐ ಸೇ’ ಹುಟ್ಟಿದ್ದು ಇದೇ ರೀತಿಯಲ್ಲಿ. 1958ರ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ಒಂದು ನೃತ್ಯಕೂಟದಲ್ಲಿ ಒಪ್ಪಿಕೊಂಡ ಸಮಯಕ್ಕೆ ಇನ್ನೂ ಕೆಲವು ನಿಮಿಷ ಬಾಕಿಯಿತ್ತು, ಹಾಡುಗಳು ಮುಗಿದುಹೋಗಿದ್ದವು. ನಾನು ಏನು ಹಾಡುತ್ತೇನೋ ಅದನ್ನೇ ತಿರುಗಿ ಹೇಳಿ ಎಂದು ಹಿಮ್ಮೇಳದ ಹೆಣ್ಣುಮಕ್ಕಳಿಗೆ ತಿಳಿಸಿ, ಎಲೆಕ್ಟ್ರಿಕ್ ಪಿಯಾನೊದ ಮೇಲೆ ಒಂದು ಪುಟ್ಟ ಓಟವನ್ನು ಹಿಡಿದು ಆತ ಆರಂಭಿಸಿದ. ಮರುವರ್ಷ ಮುದ್ರಿಸಿದಾಗ ಆರು ನಿಮಿಷ ಮೀರಿದ ಆ ಹಾಡನ್ನು ಎರಡಾಗಿ ಕತ್ತರಿಸಿ ಗ್ರಾಮಫೋನ್ ತಟ್ಟೆಯ ಎರಡೂ ಬದಿಗೆ ಹಾಕಬೇಕಾಯಿತು. ಆತ ‘ಓ’ ಎನ್ನುತ್ತಾನೆ, ಅವರು ‘ಓ’ ಎನ್ನುತ್ತಾರೆ. ಸದ್ದು ಸಣ್ಣದಾಗುತ್ತ, ಹತ್ತಿರವಾಗುತ್ತ, ಮತ್ತೆ ಉಕ್ಕುತ್ತದೆ. ಅಲ್ಲಿ ಹೇಳಿಕೊಳ್ಳುವಂಥ ಸಾಹಿತ್ಯವೇ ಇಲ್ಲ; ಇರುವುದು ಕರೆ ಮತ್ತು ಓಗೊಡುವಿಕೆ ಮಾತ್ರ. ಕಾಮದ ಧ್ವನಿ ಇದೆಯೆಂದು ಕೆಲವು ರೇಡಿಯೊ ಕೇಂದ್ರಗಳು ಅದನ್ನು ನಿಷೇಧಿಸಿದವು. ಆ ಆರೋಪ ಸುಳ್ಳಲ್ಲ. ಆದರೆ ಅದು ಚರ್ಚಿನ ಹಾಡಿನ ಕೊನೆಯ ಭಾಗವೂ ಹೌದು, ಮತ್ತು ಎರಡೂ ಒಂದೇ ಹಾಡಿನಲ್ಲಿ ನಿಜವಾಗಿರುವುದೇ ಆ ಅಜ್ಜಿಯನ್ನು ಅಷ್ಟು ಕಲಕಿದ್ದಿರಬೇಕು.

ಗೆರೆ ದಾಟಿದವರು ಸುಖವಾಗಿ ದಾಟಿದರೆಂದು ಮಾತ್ರ ತಿಳಿಯಬೇಡ. ಸ್ಯಾಮ್ ಕುಕ್‌ನನ್ನು ನೋಡು. ಬೋಧಕನ ಮಗ, ಷಿಕಾಗೊದಲ್ಲೇ ಬೆಳೆದವನು, 1950ರಲ್ಲಿ ‘ಸೋಲ್ ಸ್ಟಿರರ್ಸ್’ ಎಂಬ ಹೆಸರಾಂತ ಗಾಸ್ಪೆಲ್ ತಂಡದ ಮುಖ್ಯ ಗಾಯಕನಾದಾಗ ಆತನಿಗೆ ಇಪ್ಪತ್ತೂ ತುಂಬಿರಲಿಲ್ಲ. ಇತರರು ಕಿರುಚಿ ಸಭೆಯನ್ನು ಎಬ್ಬಿಸಿದರೆ ಈತ ಕಂಠವನ್ನು ಹಗುರವಾಗಿ ತೇಲಿಸಿಯೇ ಅದನ್ನು ಸಾಧಿಸುತ್ತಿದ್ದ. ಅವನಿಗೆ ಜನಪ್ರಿಯ ಹಾಡು ಹಾಡುವ ಆಸೆ. ಆದರೆ ಚರ್ಚಿನ ಕೇಳುಗರು ಕ್ಷಮಿಸುವುದಿಲ್ಲವೆಂಬ ಭಯ. ಆದ್ದರಿಂದ ತಂಡದ ‘ವಂಡರ್‌ಫುಲ್’ ಎಂಬ ದೇವರ ಹಾಡನ್ನೇ ‘ಲವಬಲ್’ ಎಂದು ತಿರುಗಿಸಿ, 1957ರ ಆರಂಭದಲ್ಲಿ ‘ಡೇಲ್ ಕುಕ್’ ಎಂಬ ಬೇರೆ ಹೆಸರಿನಲ್ಲಿ ಹೊರತಂದ. ಹೆಸರು ಬದಲಿಸಬಹುದಿತ್ತು, ಆ ಕಂಠವನ್ನು ಮರೆಮಾಡಲು ಎಲ್ಲಿ ಸಾಧ್ಯ? ಕೇಳಿದವರಿಗೆಲ್ಲ ಗೊತ್ತಾಗಿಹೋಯಿತು. ತಂಡ ಬಿಡಬೇಕಾಯಿತು. ಅದೇ ವರ್ಷದ ಕೊನೆಗೆ ‘ಯೂ ಸೆಂಡ್ ಮಿ’ ಎಂಬ ಹಾಡು ಅಮೆರಿಕದ ಪಾಪ್ ಪಟ್ಟಿಯಲ್ಲೂ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲೂ ಮೊದಲ ಸ್ಥಾನದಲ್ಲಿತ್ತು. ಅದರಲ್ಲಿ ಆತ ‘ಓ’ ಎಂದು ಸ್ವರವನ್ನು ಅಲೆಯಲೆಯಾಗಿ ಇಳಿಸುವ ಆ ಜಾಗವನ್ನು, ಹಿಂದೆ ಸಭೆಯ ಮುಂದೆ ‘ಟಚ್ ದ ಹೆಮ್ ಆಫ್ ಹಿಸ್ ಗಾರ್ಮೆಂಟ್’ ಎಂಬ ಹಾಡಿನಲ್ಲಿ ಅದೇ ಕೆಲಸಕ್ಕೆ ಬಳಸಿದ್ದ. ಆತ ಬರೆದು 1964ರಲ್ಲಿ ಹಾಡಿದ ‘ಎ ಚೇಂಜ್ ಈಸ್ ಗಾನಾ ಕಮ್’ ಹಾಡಿನಲ್ಲಿ ಪ್ರೇಯಸಿಯಿಲ್ಲ, ಯೇಸುವಿನ ಹೆಸರಿಲ್ಲ. ಆದರೂ ಅದು ಪ್ರಾರ್ಥನೆಯೇ. ಆ ಹಾಡು ಬಿಡಿ ತಟ್ಟೆಯಾಗಿ ಹೊರಬಂದದ್ದು ಆ ಡಿಸೆಂಬರ್‌ನಲ್ಲಿ ಆತ ಗುಂಡೇಟಿಗೆ ಬಲಿಯಾದ ಮೇಲೆ.

ದಾಟಲೊಪ್ಪದವರ ಹಿರಿಮೆಯೂ ಕಡಿಮೆಯದಲ್ಲ. ಮಹೇಲಿಯಾ ಜಾಕ್ಸನ್‌ಗೆ ಬ್ಲೂಸ್ ಹಾಡಿದರೆ ಬೇಕಾದಷ್ಟು ಹಣ ಬರುತ್ತಿತ್ತು. ಕೇಳಿಕೊಂಡು ಬಂದವರಿಗೆ ಆಕೆ ಕೊನೆಯವರೆಗೂ ಇಲ್ಲವೆಂದೇ ಹೇಳಿದಳು. ಡಾರ್ಸಿಯ ಹಾಡುಗಳನ್ನು ಊರೂರಿಗೆ ಕೊಂಡೊಯ್ದವಳೂ ಆಕೆಯೇ. ಆಕೆಯ ಹಟಕ್ಕೂ ಕುಕ್‌ನ ದಾಟುವಿಕೆಗೂ ನಾನು ಒಂದೇ ಗೌರವ ಕೊಡುತ್ತೇನೆ. ಒಬ್ಬಳು ತನ್ನ ಮಾತಿಗೆ ಬದ್ಧಳಾಗಿ ನಿಂತಳು, ಇನ್ನೊಬ್ಬನು ತನ್ನ ಕಂಠ ತಲುಪಬೇಕಾದಷ್ಟು ದೂರ ತಲುಪಲೆಂದು ಹೊರಟ. ಇಬ್ಬರೂ ಅದಕ್ಕೆ ಬೆಲೆ ತೆತ್ತರು.

ಈಗ ನೀನು ಕಾಲೇಜಿನಲ್ಲಿದ್ದಾಗ ಗೆಳತಿಯರೊಂದಿಗೆ ಹಾಡುತ್ತಿದ್ದ ‘ಸ್ಟ್ಯಾಂಡ್ ಬೈ ಮಿ’ಗೆ ಬರುತ್ತೇನೆ. ಬೆನ್ ಇ. ಕಿಂಗ್ 1961ರಲ್ಲಿ ಹೊರತಂದ ಆ ಹಾಡು ಪ್ರೇಮಗೀತೆಯೆಂದೇ ಜಗತ್ತಿಗೆಲ್ಲ ಗೊತ್ತು. ಅದಕ್ಕೆ ಮೊದಲೇ ಸೋಲ್ ಸ್ಟಿರರ್ಸ್ ತಂಡ ‘ಸ್ಟ್ಯಾಂಡ್ ಬೈ ಮಿ ಫಾದರ್’ ಎಂದು ಹಾಡಿತ್ತು. ಅದನ್ನು ಬರೆದವರಲ್ಲಿ ಸ್ಯಾಮ್ ಕುಕ್ ಕೂಡ ಒಬ್ಬ. ಅದಕ್ಕೂ ಹಿಂದೆ, 1905ರಲ್ಲಿ, ಫಿಲಡೆಲ್ಫಿಯಾದ ಸಭಾಪಾಲಕ ಚಾರ್ಲ್ಸ್ ಆಲ್ಬರ್ಟ್ ಟಿಂಡ್ಲಿ, ಬದುಕಿನ ಬಿರುಗಾಳಿ ಮೊರೆಯುವಾಗ ನನ್ನ ಬಳಿ ನಿಲ್ಲು ಎಂದು ದೇವರನ್ನು ಬೇಡುವ ಸ್ತೋತ್ರಗೀತೆ ಬರೆದಿದ್ದರು. ಗುಲಾಮನೊಬ್ಬನ ಮಗನಾಗಿ ಹುಟ್ಟಿ, ಒಂದು ಚರ್ಚಿನಲ್ಲಿ ಕಸ ಗುಡಿಸುವ ಕೆಲಸ ಮಾಡಿ, ಮುಂದೆ ಅದೇ ಚರ್ಚಿನ ಸಭಾಪಾಲಕರಾದ ಮಹಾನುಭಾವರು ಅವರು. ಡಾರ್ಸಿ ತನಗೆ ದಾರಿ ತೋರಿದವರೆಂದು ನೆನೆಯುತ್ತಿದ್ದುದೂ ಅವರನ್ನೇ. ಬೆನ್ ಇ. ಕಿಂಗ್‌ನ ಹಾಡಿನ ಎರಡನೆಯ ಚರಣದಲ್ಲಿ ಆಕಾಶ ಕಳಚಿ ಬಿದ್ದರೂ, ಬೆಟ್ಟಗಳು ಕುಸಿದು ಕಡಲಿಗೆ ಸೇರಿದರೂ ಅಳುವುದಿಲ್ಲ ಎಂಬ ಮಾತಿದೆಯಲ್ಲ, ಅದನ್ನು ಬೈಬಲಿನ 46ನೆಯ ಕೀರ್ತನೆಯ ಪಕ್ಕದಲ್ಲಿಟ್ಟು ಓದು. ಭೂಮಿ ಅದುರಿದರೂ, ಬೆಟ್ಟಗಳು ಸಮುದ್ರದೊಳಗೆ ಮುಳುಗಿಹೋದರೂ ನಮಗೆ ಭಯವಿಲ್ಲ ಎಂದು ಅಲ್ಲಿದೆ. ಪ್ರಳಯವಾದರೂ ನೀನೊಬ್ಬಳು ಬಳಿಯಲ್ಲಿದ್ದರೆ ಸಾಕು ಎಂದು ಹುಡುಗನೊಬ್ಬ ಹುಡುಗಿಗೆ ಹೇಳಲು ಇಷ್ಟು ದೊಡ್ಡ ಮಾತು ಎಲ್ಲಿಂದ ಬಂತೆಂದು ನಾನು ಮೊದಲ ಸಲ ತಿಳಿದಾಗ ಆ ಹಾಡು ನನಗೆ ಇಮ್ಮಡಿಯಾಯಿತು, ಕುಗ್ಗಲಿಲ್ಲ.

ಟಿಂಡ್ಲಿಯವರು ನಮ್ಮ ಮನೆಗೂ ಬಂದಿದ್ದಾರೆ. ನೀನು ಪ್ರಾಥಮಿಕ ಶಾಲೆಯಲ್ಲಿ ಸ್ವಾತಂತ್ರ್ಯ ದಿನದಂದು ‘ಹಮ್ ಹೋಂಗೇ ಕಾಮಯಾಬ್’ ಹಾಡುತ್ತಿದ್ದೆ. ಅದು ‘ವಿ ಷಲ್ ಓವರ್‌ಕಮ್’ ಗೀತೆಯ ಹಿಂದಿ ರೂಪ. 1940ರ ದಶಕದಲ್ಲಿ ಚಾರ್ಲ್ಸ್‌ಟನ್‌ನ ತಂಬಾಕು ಕಾರ್ಖಾನೆಯ ಕಾರ್ಮಿಕರು ಮುಷ್ಕರದಲ್ಲಿ ಹಾಡಿ, ಆಮೇಲೆ ನಾಗರಿಕ ಹಕ್ಕುಗಳ ಹೋರಾಟದುದ್ದಕ್ಕೂ ಮೊಳಗಿದ ಆ ಹಾಡಿನ ಬೇರನ್ನು ಅನೇಕ ವಿದ್ವಾಂಸರು ಟಿಂಡ್ಲಿಯವರ ‘ಐಲ್ ಓವರ್‌ಕಮ್ ಸಮ್‌ಡೇ’ ಎಂಬ ಸ್ತೋತ್ರದಲ್ಲಿ ಗುರುತಿಸುತ್ತಾರೆ. ಚರ್ಚಿನಿಂದ ಹೊರಟ ಹಾಡು ಪ್ರೇಮಗೀತೆಯಾಗುವುದು ಒಂದು ದಾರಿಯಾದರೆ, ಹೋರಾಟದ ಹಾಡಾಗಿ ಕರ್ನಾಟಕದ ಶಾಲೆಯ ಅಂಗಳದವರೆಗೆ ಬರುವುದು ಇನ್ನೊಂದು ದಾರಿ.

ಇಷ್ಟಾದ ಮೇಲೆ ಕಳ್ಳತನದ ಮಾತು. ದೇವರಿಂದ ಯಾರೂ ಏನನ್ನೂ ಕದಿಯಲಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಬ್ಲೂಸ್‌ನಿಂದ ಪಡೆದದ್ದನ್ನು ಚರ್ಚು ಹಾಡಿ ಬೆಳೆಸಿತು, ಚರ್ಚು ಬೆಳೆಸಿದ್ದನ್ನು ಹೊರಗಿನವರು ಹಾಡಿದರು, ಹಾಡಿದವರೂ ಅದೇ ಚರ್ಚಿನ ಮಕ್ಕಳು. ಆದರೆ ‘ಐ ಗಾಟ್ ಎ ವುಮನ್’ ಹಾಡಿನ ಕರ್ತೃಗಳೆಂದು ನಮೂದಾದದ್ದು ರೇ ಚಾರ್ಲ್ಸ್ ಮತ್ತು ರಿಚರ್ಡ್ ಹೆಸರುಗಳು ಮಾತ್ರ. ಸದರ್ನ್ ಟೋನ್ಸ್ ತಂಡದವರ ಹೆಸರು ಅಲ್ಲಿಲ್ಲ. ‘ಸ್ಟ್ಯಾಂಡ್ ಬೈ ಮಿ’ ಕಿಂಗ್, ಲೀಬರ್, ಸ್ಟೋಲರ್ ಎಂಬ ಮೂವರ ಕೃತಿಯಾಗಿ ನಮೂದಾಗಿದೆ, ಟಿಂಡ್ಲಿ ಅಲ್ಲಿಲ್ಲ. ಹಾಡು ಎಲ್ಲರದ್ದು ಎಂದು ಭಾವಿಸಿ ಹಾಡುವ ಜನರ ಲೋಕದಿಂದ, ಹಾಡಿಗೆ ಒಡೆಯನ ಹೆಸರು ಬರೆದು ಪ್ರತಿ ತಟ್ಟೆಗೂ ಕಾಸು ಎಣಿಸುವ ವ್ಯಾಪಾರದ ಲೋಕಕ್ಕೆ ಹಾಡು ದಾಟಿದಾಗ, ಮೊದಲಿನವರಿಗೆ ಹೆಸರೂ ಸಿಗಲಿಲ್ಲ, ಕಾಸೂ ಸಿಗಲಿಲ್ಲ. ಆ ಅಜ್ಜಿಯ ಕೋಪಕ್ಕೆ ಸರಿಯಾದ ವಿಳಾಸ ಅದು ಎಂದು ನನಗನ್ನಿಸುತ್ತದೆ.

ಕೊನೆಯದಾಗಿ ಸೋಲ್ ಗಾಯಕಿ ಅರೀತಾ ಫ್ರಾಂಕ್ಲಿನ್. ಡೆಟ್ರಾಯಿಟ್‌ನ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪ್ರಸಿದ್ಧ ಸಭಾಪಾಲಕ ಸಿ. ಎಲ್. ಫ್ರಾಂಕ್ಲಿನ್ ಅವರ ಮಗಳು ಹದಿನಾಲ್ಕರ ವಯಸ್ಸಿಗೇ ಅದೇ ಚರ್ಚಿನಲ್ಲಿ ಗಾಸ್ಪೆಲ್ ಮುದ್ರಿಸಿದ್ದಳು. 1967ರಲ್ಲಿ ‘ರಿಸ್ಪೆಕ್ಟ್’ ಹಾಡಿದಾಗ, ಓಟಿಸ್ ರೆಡಿಂಗ್ ಎರಡು ವರ್ಷ ಮೊದಲೇ ಹಾಡಿದ್ದ ಆ ಹಾಡಿಗೆ ಆಕೆ ಸೇರಿಸಿದ ಹೊಸ ಜೀವ ಯಾವುದು ಗೊತ್ತೇ? ತಾನೇ ಪಿಯಾನೊ ನುಡಿಸುತ್ತ, ಹಿಮ್ಮೇಳದಲ್ಲಿ ತಂಗಿ ಕ್ಯಾರೊಲಿನ್ ಮತ್ತು ಅಕ್ಕ ಅರ್ಮಾ ಅವರನ್ನು ಇಟ್ಟುಕೊಂಡು, ಕರೆಗೆ ಓಗೊಡುವ ಸಭೆಯೊಂದನ್ನು ಸ್ಟುಡಿಯೊದೊಳಗೇ ಕಟ್ಟಿಬಿಟ್ಟಳು. ಐದು ವರ್ಷಗಳ ನಂತರ, ಖ್ಯಾತಿಯ ಶಿಖರದಲ್ಲಿದ್ದಾಗ, 1972ರ ಜನವರಿಯಲ್ಲಿ ಎರಡು ರಾತ್ರಿ ಲಾಸ್ ಏಂಜಲಿಸ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗಿ, ಗಾಸ್ಪೆಲ್ ಸಂಗೀತಗಾರ ಜೇಮ್ಸ್ ಕ್ಲೀವ್‌ಲ್ಯಾಂಡ್ ಮತ್ತು ಆತನ ಗಾಯಕವೃಂದದೊಂದಿಗೆ ‘ಅಮೇಜಿಂಗ್ ಗ್ರೇಸ್’ ಎಂಬ ಧ್ವನಿಮುದ್ರಿಕೆ ಮಾಡಿದಳು. ಆ ರಾತ್ರಿಗಳನ್ನು ಸಿನಿಮಾ ಆಗಿ ಚಿತ್ರಿಸಿದವರು ಧ್ವನಿಗೂ ಚಿತ್ರಕ್ಕೂ ಹೊಂದಿಸುವ ಗುರುತು ಮಾಡಿಕೊಳ್ಳದೆ ಹೋದದ್ದರಿಂದ, ಆ ಚಿತ್ರ ತೆರೆ ಕಾಣುವ ಹೊತ್ತಿಗೆ 2018 ಬಂದಿತ್ತು, ಆಕೆ ತೀರಿಕೊಂಡಿದ್ದಳು. ಅಲ್ಲಿ ಆಕೆ ಡಾರ್ಸಿಯ ‘ಪ್ರೆಷಸ್ ಲಾರ್ಡ್’ ಗೀತೆಯನ್ನು, ಹಿಂದಿನ ವರ್ಷವಷ್ಟೇ ಜನಪ್ರಿಯವಾಗಿದ್ದ ಕೆರೊಲ್ ಕಿಂಗ್ ಅವರ ‘ಯೂ ಹ್ಯಾವ್ ಗಾಟ್ ಎ ಫ್ರೆಂಡ್’ ಎಂಬ ಪಾಪ್ ಹಾಡಿನೊಂದಿಗೆ ಹೆಣೆದು ಹಾಡುತ್ತಾಳೆ. ಕರೆದರೆ ಬರುವ ಆ ಗೆಳೆಯ ಈಗ ಯೇಸು. ರೇ ಚಾರ್ಲ್ಸ್ ಮಾಡಿದ್ದನ್ನು ಆಕೆ ತಿರುವಿ ಮಾಡಿದ್ದಾಳೆ, ಮತ್ತು ಗಾಯಕವೃಂದದವರಾಗಲಿ ಸಭೆಯವರಾಗಲಿ ಒಂದು ಕ್ಷಣವೂ ಹಿಂಜರಿಯದೆ ಓಗೊಡುತ್ತಾರೆ. ಸಭೆಯಲ್ಲಿ ಆಕೆಯ ತಂದೆಯೂ ಕುಳಿತಿದ್ದರು. ಈಕೆ ಚರ್ಚನ್ನು ಬಿಟ್ಟು ಹೋದದ್ದೇ ಇಲ್ಲ ಎಂಬರ್ಥದ ಮಾತನ್ನು ಅವರು ಅಲ್ಲಿ ಎದ್ದು ನಿಂತು ಆಡಿದರು. ಒಬ್ಬ ಮಗಳ ತಂದೆಯಾಗಿ ಆ ಭಾಗವನ್ನು ಒದ್ದೆಗಣ್ಣಿಲ್ಲದೆ ನೋಡಲು ನನ್ನಿಂದ ಆಗುವುದಿಲ್ಲ.

ಡಾರ್ಸಿ ಗಾಯಕವೃಂದ ನಡೆಸುತ್ತಿದ್ದ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚ್ ನಿನ್ನ ಊರಿನ ದಕ್ಷಿಣ ಭಾಗದಲ್ಲಿದೆ. 2006ರ ಬೆಂಕಿಯಲ್ಲಿ ಬಹುಭಾಗ ಸುಟ್ಟು ಹೊರಗೋಡೆಗಳು ಉಳಿದವು. ಬಿಡುವಿದ್ದಾಗ ಒಮ್ಮೆ ಹೋಗಿ ಬಾ; ಸಾಧ್ಯವಾದರೆ ನಿನ್ನ ಗೆಳತಿಯನ್ನೂ ಕರೆದುಕೊಂಡು ಹೋಗು. ಆಮೇಲೆ ಯಾವುದಾದರೂ ಭಾನುವಾರ ಅವಳ ಮನೆಯವರು ಹೋಗುವ ಚರ್ಚಿಗೆ, ಅವರು ಒಪ್ಪಿದರೆ, ಜೊತೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳು. ಅವಳ ಅಜ್ಜಿ ಯಾವ ಹಾಡುಗಳನ್ನು ಇಷ್ಟಪಡುತ್ತಿದ್ದರೆಂದು ಕೇಳಿ ನನಗೆ ಬರೆ. ಆ ಪಟ್ಟಿ ಸಿಕ್ಕಿದರೆ ಒಂದೊಂದನ್ನೂ ಹುಡುಕಿ ಕೇಳುವ ಆಸೆ ನನಗಿದೆ.

ಊಟ ತಿಂಡಿ ಸರಿಯಾಗಿ ಮಾಡು. ಅಮ್ಮ ನಿನಗೆ ಬೇರೆಯಾಗಿ ಬರೆಯುತ್ತಾಳೆ.

ಪ್ರೀತಿಯಿಂದ,
ನಿನ್ನ ಅಪ್ಪ